ಟ್ಯೂಬ್‌ಲೈಟ್ ಕೆಳಗೆ ಎಫ್.ಲಕ್ಸ್: ಲ್ಯಾಪ್‌ಟಾಪ್ ಪರದೆಯನ್ನು ಹಳದಿ ಮಾಡುವ ಸಾಫ್ಟ್‌ವೇರ್‌ಗಳ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ. ರಾತ್ರಿ ಹತ್ತಾದ ಮೇಲೂ ಲ್ಯಾಪ್‌ಟಾಪ್ ಮುಂದೆ ಕೂರುವವರು ನೀವಾದರೆ, ಕತ್ತಲಾದ ಮೇಲೆ ಪರದೆಯ ನೀಲಿ ತಗ್ಗಿಸಿ ಕಣ್ಣಿಗೆ ರಾಚದಂತೆ ಮಾಡುವ ಎಫ್.ಲಕ್ಸ್ ಹಾಕಿಕೊಳ್ಳಿ. ಎಂಟು ಗಂಟೆಗೆ ಮುಚ್ಚಿಟ್ಟು ಊಟಕ್ಕೆ ಏಳುವವರಿಗೆ ವಿಂಡೋಸ್‌ನಲ್ಲೇ ಇರುವ ನೈಟ್ ಲೈಟ್ ಧಾರಾಳವಾಗಿ ಸಾಕು. ಎರಡಕ್ಕೂ ದುಡ್ಡಿಲ್ಲ. ಆದರೆ ಯಾವುದನ್ನು ಹಾಕಿದರೂ ಅದು ಬಂದ ಹಾಗೆಯೇ ಬಿಟ್ಟರೆ ನಮ್ಮ ಮನೆಗಳಿಗೆ ಹೊಂದುವುದಿಲ್ಲ. ಹಾಕಿದ ಎರಡೇ ದಿನಕ್ಕೆ "ಥೂ, ಎಲ್ಲಾ ಹಳದಿ" ಅಂತ ತೆಗೆದುಹಾಕಿದವರು ನನಗೆ ಗೊತ್ತಿರುವವರಲ್ಲೇ ಬೇಕಾದಷ್ಟು ಜನ ಇದ್ದಾರೆ. ಅದರಲ್ಲಿ ಸಾಫ್ಟ್‌ವೇರ್‌ನ ತಪ್ಪು ಅರ್ಧ, ತಲೆ ಮೇಲೆ ಉರಿಯುವ ಟ್ಯೂಬ್‌ಲೈಟ್‌ನ ತಪ್ಪು ಇನ್ನರ್ಧ.

ನಾನು ಲೆಕ್ಕಪತ್ರದ ಕೆಲಸದವನು. ತಿಂಗಳ 11 ಮತ್ತು 20ನೇ ತಾರೀಖು ಹತ್ತಿರ ಬಂತೆಂದರೆ ಜಿಎಸ್‌ಟಿ ರಿಟರ್ನ್, ಜುಲೈ ಬಂತೆಂದರೆ ಇನ್‌ಕಮ್ ಟ್ಯಾಕ್ಸ್, ಮಾರ್ಚ್ ಬಂದರಂತೂ ಕೇಳಲೇಬೇಡಿ. ಇಡೀ ಸಂಜೆ ಎಕ್ಸೆಲ್‌ನ ಬಿಳಿ ಹಾಳೆ ಕಣ್ಣಿಗೆ ರಾಚುತ್ತಿರುತ್ತದೆ. ಹಾಗಾಗಿ ಈ ಹಳದಿ ಸಾಫ್ಟ್‌ವೇರ್‌ಗಳ ಜೊತೆ ನನ್ನ ಒಡನಾಟ ಜಾಸ್ತಿಯೇ.

ಈಗ ಕೆಲ್ವಿನ್ ಲೆಕ್ಕ. ಬೆಳಕಿನ ಬಣ್ಣವನ್ನು ಅಳೆಯುವುದು ಕೆಲ್ವಿನ್‌ನಲ್ಲಿ, ಮತ್ತು ಈ ಲೆಕ್ಕ ಸ್ವಲ್ಪ ಉಲ್ಟಾ. ಅಂಕಿ ಕಡಿಮೆಯಾದಷ್ಟೂ ಬೆಳಕು ಕೆಂಪು-ಹಳದಿ, ಜಾಸ್ತಿಯಾದಷ್ಟೂ ನೀಲಿ. ಕಬ್ಬಿಣ ಕಾಯಿಸಿದರೆ ಮೊದಲು ಕೆಂಪಾಗಿ ಆಮೇಲೆ ಬೆಳ್ಳಗಾಗುತ್ತದಲ್ವಾ, ಅಲ್ಲಿಂದ ಬಂದ ಲೆಕ್ಕ ಇದು. ಮೇಣದಬತ್ತಿ ಸುಮಾರು 1900. ಹಳೆಯ ಬುರುಡೆ ಬಲ್ಬು 2700. ಲ್ಯಾಪ್‌ಟಾಪ್ ಪರದೆಗೆ ಗುರಿಯಾಗಿ ಇಟ್ಟುಕೊಂಡಿರುವ ಬಿಳಿ 6500, ಅಂದರೆ ಹಗಲಿನ ಆಕಾಶದ ಬೆಳಕು. ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ಪರದೆ ಅದಕ್ಕಿಂತಲೂ ನೀಲಿಯಾಗೇ ಬರುತ್ತದೆ.

ಎಫ್.ಲಕ್ಸ್ ಮಾಡುವ ಕೆಲಸ ಇಷ್ಟೇ. ಕತ್ತಲಾಗುತ್ತಿದ್ದಂತೆ ಪರದೆಯ ಅಂಕಿಯನ್ನು 6500ರಿಂದ ನಿಧಾನಕ್ಕೆ ಕೆಳಗಿಳಿಸುತ್ತದೆ, ಬೆಳಗಾದ ಮೇಲೆ ಮತ್ತೆ ಏರಿಸುತ್ತದೆ. ಗ್ರಾಫಿಕ್ಸ್ ಕಾರ್ಡಿನಲ್ಲಿ ಕೆಂಪು, ಹಸಿರು, ನೀಲಿ ಮೂರಕ್ಕೂ, ಯಾವುದನ್ನು ಎಷ್ಟು ಜೋರಾಗಿ ತೋರಿಸಬೇಕು ಅನ್ನುವ ಒಂದೊಂದು ಪಟ್ಟಿ ಇರುತ್ತದೆ. ಇದು ನೀಲಿಯನ್ನು ಜಾಸ್ತಿ, ಹಸಿರನ್ನು ಸ್ವಲ್ಪ ತಗ್ಗಿಸುತ್ತದೆ, ಕೆಂಪನ್ನು ಮುಟ್ಟುವುದಿಲ್ಲ. 3400ಕ್ಕೆ ಬಂದಾಗ ನೀಲಿ ಸುಮಾರು ಅರ್ಧಕ್ಕಿಳಿದಿರುತ್ತದೆ, 1900ಕ್ಕೆ ಹೆಚ್ಚುಕಡಿಮೆ ಸೊನ್ನೆ. ಇದನ್ನು ಮಾಡಿದವರು ಮೈಕಲ್ ಹರ್ಫ್ ಮತ್ತು ಲೋರ್ನಾ ಹರ್ಫ್ ದಂಪತಿ. ಫೋಟೋ ಜೋಡಿಸಿಡುವ ಪಿಕಾಸಾ ನೆನಪಿದೆಯಾ, ಮೈಕಲ್ ಮೊದಲು ಅದರಲ್ಲಿ ಕೆಲಸ ಮಾಡಿದವರು. ಎಫ್.ಲಕ್ಸ್ ಬಂದದ್ದು 2009ರಲ್ಲಿ. ಆಮೇಲೆ ಎಂಟು ವರ್ಷ, ಕಂಪ್ಯೂಟರ್‌ಗಳ ಮಟ್ಟಿಗೆ, ದೊಡ್ಡ ಕಂಪನಿಗಳು ಸುಮ್ನೆ ಕೂತಿದ್ದವು. 2017ರ ಮಾರ್ಚ್-ಏಪ್ರಿಲ್‌ನಲ್ಲಿ ಮ್ಯಾಕ್‌ಗೆ ನೈಟ್ ಶಿಫ್ಟ್, ಲಿನಕ್ಸ್‌ನ ಗ್ನೋಮ್‌ಗೆ ನೈಟ್ ಲೈಟ್, ವಿಂಡೋಸ್ 10ಕ್ಕೂ ನೈಟ್ ಲೈಟ್ ಸಾಲಾಗಿ ಬಂದವು! ಅದಕ್ಕೂ ಮುಂಚೆ, 2015ರ ನವೆಂಬರ್‌ನಲ್ಲಿ, ಎಫ್.ಲಕ್ಸ್‌ನವರು ಐಫೋನ್‌ಗೆ ಹಾಕಿಕೊಳ್ಳಲು ಒಂದು ಅಡ್ಡದಾರಿ ಕೊಟ್ಟಿದ್ದರು. ಆಪಲ್ ಅದನ್ನು ನಿಲ್ಲಿಸಿ ಅಂತ ಹೇಳಿತು. ಮುಂದಿನ ಮಾರ್ಚ್‌ನಲ್ಲಿ ಐಓಎಸ್ 9.3 ಜೊತೆ ತನ್ನದೇ ನೈಟ್ ಶಿಫ್ಟ್ ಬಿಟ್ಟಿತು. ಚೆನ್ನಾಗಿದೆ ಅಲ್ವಾ?

ಹಾಕಿಕೊಳ್ಳುವುದು ಸುಲಭ. ಇಳಿಸಿಕೊಂಡ ಮೇಲೆ ಎರಡು ಪ್ರಶ್ನೆ ಕೇಳುತ್ತದೆ: ಊರು ಯಾವುದು, ಬೆಳಗ್ಗೆ ಎಷ್ಟು ಗಂಟೆಗೆ ಏಳುತ್ತೀರಿ. ಊರಿನಿಂದ ಸೂರ್ಯ ಮುಳುಗುವ ಹೊತ್ತು ಲೆಕ್ಕ ಹಾಕುತ್ತದೆ, ಏಳುವ ಸಮಯದಿಂದ ಹಿಂದಕ್ಕೆ ಎಣಿಸಿ ಮಲಗುವ ಹೊತ್ತು. ಮೊದಲೇ ಇಟ್ಟಿರುವ ಅಂಕಿಗಳು ಹಗಲಿಗೆ 6500, ಸೂರ್ಯ ಮುಳುಗಿದ ಮೇಲೆ 3400, ಮಲಗುವ ಹೊತ್ತಿಗೆ 1900. ಕಿಟಕಿಯ ಕೆಳಗೆ ಇಡೀ ದಿನದ ಗೆರೆ ಬಿಡಿಸಿರುತ್ತದೆ, ಮೇಲೆ ಒಂದು ಸ್ಲೈಡರ್. ಎಳೆದ ತಕ್ಷಣ ಬದಲಾವಣೆ ಕಾಣುತ್ತದೆ, ಅಂಕಿಯೂ ಕಾಣುತ್ತದೆ. ಅಂಕಿ ಕಾಣುವುದು ಸಣ್ಣ ವಿಷಯವಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ತೊಂದರೆ ಮೊದಲ ಸಂಜೆಯೇ ಶುರು. ಬೆಂಗಳೂರಿನಲ್ಲಿ ವರ್ಷವಿಡೀ ಸೂರ್ಯ ಮುಳುಗುವುದು ಆರಕ್ಕೆ ಹತ್ತು ನಿಮಿಷ ಮೊದಲಿನಿಂದ ಏಳಕ್ಕೆ ಹತ್ತು ನಿಮಿಷ ಮೊದಲಿನವರೆಗೆ, ಅಷ್ಟರೊಳಗೇ. ಒಂದು ಗಂಟೆಯ ವ್ಯತ್ಯಾಸ. ಸ್ವೀಡನ್‌ನಲ್ಲೋ ಇಂಗ್ಲೆಂಡಿನಲ್ಲೋ ಇರುವ ನಮ್ಮವರಿಗೆ ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರು-ನಾಲ್ಕಕ್ಕೇ ಕತ್ತಲು, ಜೂನ್‌ನಲ್ಲಿ ರಾತ್ರಿ ಒಂಬತ್ತಾದರೂ ಬೆಳಕು. ಅವರಿಗಂತಲೇ "ಭೂಮಧ್ಯರೇಖೆಯಿಂದ ದೂರ" ಅನ್ನುವ ಸಿದ್ಧ ಆಯ್ಕೆಯೇ ಇದರಲ್ಲಿದೆ. ನಮಗೆ ಆ ತಲೆನೋವಿಲ್ಲ. ಆದರೆ ಆರೂವರೆಗೆ ಆಫೀಸಿನಲ್ಲಿ ಕೆಲಸ ಇನ್ನೂ ಮುಗಿದಿರುವುದಿಲ್ಲ, ಮೇಲೆ ಬಿಳಿ ದೀಪ ಉರಿಯುತ್ತಲೇ ಇರುತ್ತದೆ, ಅಷ್ಟರಲ್ಲಿ ಇದು ಪರದೆಯನ್ನು 3400ಕ್ಕೆ ಇಳಿಸುತ್ತದೆ. ಎಕ್ಸೆಲ್ ಹಾಳೆಗೆ ಅರಿಶಿನ ಬಳಿದ ಹಾಗಾಗುತ್ತದೆ.

ಇದು ಯಾಕೆ ಅಂದರೆ, ಎಫ್.ಲಕ್ಸ್ ಹುಟ್ಟಿದ ಅಮೆರಿಕದಲ್ಲಿ ಸಂಜೆಯಾದರೆ ಮನೆಗಳಲ್ಲಿ ಹಳದಿ ಬಲ್ಬು ಉರಿಯುವುದು ಸಾಮಾನ್ಯ. 2700ರ ಬೆಳಕಿನ ಕೋಣೆಯಲ್ಲಿ 6500ರ ಪರದೆ ಇಟ್ಟರೆ ನೀಲಿ ಕಿಟಕಿಯೊಂದು ತೆರೆದಂತೆ ಕಾಣುತ್ತದೆ. ಅದಕ್ಕೆ ಪರದೆಯನ್ನು ಕೋಣೆಯ ಬೆಳಕಿಗೆ ಹೊಂದಿಸುವುದು ಅವರ ಲೆಕ್ಕ, ಬಹಳ ಸರಿಯಾದ ಲೆಕ್ಕ. ನಮ್ಮ ಮನೆಗಳನ್ನು ನೋಡಿ. ಬುರುಡೆ ಬಲ್ಬಿನ ಕಾಲ ಮುಗಿದು ಟ್ಯೂಬ್‌ಲೈಟ್ ಬಂತು, ಅದು ಹೋಗಿ ಎಲ್‌ಇಡಿ ಬಂತು. ಅಂಗಡಿಯಲ್ಲಿ ಎಲ್‌ಇಡಿ ಬಲ್ಬಿನ ಡಬ್ಬಿ ತಿರುಗಿಸಿ ನೋಡಿದರೆ ಹೆಚ್ಚಿನವುಗಳ ಮೇಲೆ ಕೂಲ್ ಡೇ ಲೈಟ್, 6500 ಕೆಲ್ವಿನ್ ಅಂತ ಅಚ್ಚಾಗಿರುತ್ತದೆ. ನಮಗೆ ಬೆಳ್ಳಗೆ ಉರಿದರೇ ದೀಪ, ಹಳದಿ ಬೆಳಕು ಅಂದರೆ ವೋಲ್ಟೇಜ್ ಇಳಿದಿದೆ ಅಂತಲೇ ಮನಸ್ಸಿಗೆ ಬರುವುದು. ಎಫ್.ಲಕ್ಸ್‌ನ ಸ್ಲೈಡರ್ ಎಳೆಯುವಾಗ 4200 ಹತ್ತಿರ "ಫ್ಲೋರೆಸೆಂಟ್" ಅನ್ನುವ ಹೆಸರು ಬರುತ್ತದೆ, ಅಂದರೆ ಟ್ಯೂಬ್‌ಲೈಟ್. ಅವರ ಟ್ಯೂಬ್‌ಲೈಟ್ 4200, ನಮ್ಮದು 6500. ಇಡೀ ಜಗಳ ಇರುವುದು ಇಲ್ಲಿ.

ಹಾಗಾದರೆ ಏನು ಮಾಡಬೇಕು? ಕೋಣೆಯ ದೀಪ ನೋಡಿ ಅಂಕಿ ಇಡಿ. ಬಿಳಿ ಟ್ಯೂಬ್‌ಲೈಟ್ ಉರಿಯುತ್ತಿರುವಾಗ ನಾನು 5000ಕ್ಕಿಂತ ಕೆಳಗೆ ಇಳಿಸುವುದಿಲ್ಲ. ಒಂದು ಬಿಳಿ ಎ4 ಹಾಳೆಯನ್ನು ಪರದೆಯ ಪಕ್ಕ ಹಿಡಿದು, ಪರದೆಯಲ್ಲಿ ಖಾಲಿ ವರ್ಡ್ ಪುಟ ತೆರೆದು, ಎರಡೂ ಒಂದೇ ಬಿಳಿ ಅನ್ನಿಸುವ ತನಕ ಸ್ಲೈಡರ್ ಎಳೆಯಿರಿ. ಪರದೆಯ ಬ್ರೈಟ್‌ನೆಸ್ ಕೂಡ ಅದೇ ಹಾಳೆಗೆ ಹೊಂದಿಸಿ. ಇದೊಂದನ್ನು ಮಾಡಿದರೆ ಪರದೆ ಕಣ್ಣಿಗೆ ರಾಚುವುದು ಅರ್ಧ ಕಡಿಮೆ. ರಾತ್ರಿ ಊಟ ಆದ ಮೇಲೆ ಟ್ಯೂಬ್‌ಲೈಟ್ ಆರಿಸಿ, ಮೇಜಿನ ಮೂಲೆಯಲ್ಲಿ ವಾರ್ಮ್ ವೈಟ್ ಅಂತ ಬರೆದಿರುವ, ಅಂದರೆ 2700-3000ರ, ಸಣ್ಣ ಬಲ್ಬು ಹಾಕಿಕೊಳ್ಳುತ್ತೇನೆ. ಆಗ 3400 ಇಟ್ಟರೆ ಪರದೆ ಹಳದಿ ಅನ್ನಿಸುವುದೇ ಇಲ್ಲ, ಬರೀ ಕಾಗದ ಅನ್ನಿಸುತ್ತದೆ. ಸಾಫ್ಟ್‌ವೇರ್ ಬದಲಿಸುವ ಮೊದಲು ಬಲ್ಬು ಬದಲಿಸಿ ಅನ್ನುವುದು ನನ್ನ ಸಲಹೆ, ಸಾಫ್ಟ್‌ವೇರ್ ವಿಮರ್ಶೆಯಲ್ಲಿ ಇದು ವಿಚಿತ್ರ ಅನ್ನಿಸಿದರೂ ಸರಿ.

1900ರ ಬಗ್ಗೆ ಮಾತ್ರ ಎಚ್ಚರ. ಎಕ್ಸೆಲ್‌ನಲ್ಲಿ ಅನುಮಾನ ಇರುವ ಕೋಶಗಳಿಗೆ ಹಳದಿ ಬಣ್ಣ ತುಂಬುವುದು ನಮ್ಮ ಕಸುಬಿನವರ ಹಳೇ ಅಭ್ಯಾಸ. ಪಾರ್ಟಿಯ ಜಿಎಸ್‌ಟಿ ನಂಬರ್ ತಾಳೆಯಾಗಿಲ್ಲ, ಹಳದಿ. ಇನ್ವಾಯ್ಸ್ ಬಂದಿಲ್ಲ, ಹಳದಿ. ಪರದೆ 1900ಕ್ಕೆ ಇಳಿದಾಗ ಆ ಹಳದಿ ಕೋಶಗಳು ಇದ್ದಕ್ಕಿದ್ದ ಹಾಗೆ ಮಾಯ! ಕೋಶ ಅಲ್ಲೇ ಇದೆ, ಬಣ್ಣವೂ ಇದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಕಾರಣ ಸರಳ. ಪರದೆಯ ಬಿಳಿ ಅಂದರೆ ಕೆಂಪು, ಹಸಿರು, ನೀಲಿ ಮೂರೂ ಸೇರಿದ್ದು. ಹಳದಿ ಅಂದರೆ ಅದರಿಂದ ನೀಲಿ ತೆಗೆದದ್ದು. ಎಫ್.ಲಕ್ಸ್ ಎಲ್ಲ ಕಡೆಯಿಂದಲೂ ನೀಲಿ ತೆಗೆದುಬಿಟ್ಟರೆ ಬಿಳಿಯೂ ಹಳದಿಯೂ ಒಂದೇ. 3400ರಲ್ಲಿ ಮಸುಕಾಗಿ ಕಾಣುತ್ತದೆ, 4200ರಲ್ಲಿ ತೊಂದರೆಯಿಲ್ಲ. ಪಿಡಿಎಫ್‌ನಲ್ಲಿ ಹಳದಿ ಹೈಲೈಟ್ ಹಾಕಿಕೊಂಡು ಓದುವ ವಕೀಲರಿಗೂ ಕರಡು ತಿದ್ದುವವರಿಗೂ ಇದೇ ಕಥೆ. ನೀಲಿ ಅಕ್ಷರಗಳಂತೂ ಕಪ್ಪಿನಲ್ಲಿ ಕಪ್ಪಾಗಿ ಕೂತಿರುತ್ತವೆ, ಯಾವುದು ಲಿಂಕ್, ಯಾವುದು ಅಲ್ಲ ಅಂತ ಗೊತ್ತೇ ಆಗುವುದಿಲ್ಲ. ಅದಕ್ಕೆ ಕೆಲಸದ ರಾತ್ರಿಗಳಲ್ಲಿ ಮಲಗುವ ಹೊತ್ತಿನ ಅಂಕಿಯನ್ನೂ 3400ಕ್ಕೇ ಏರಿಸಿಟ್ಟಿದ್ದೇನೆ, ಗುರುತು ಹಾಕಲು ಹಳದಿ ಬಿಟ್ಟು ತಿಳಿಗುಲಾಬಿ ಹಿಡಿದಿದ್ದೇನೆ. "ವರ್ಕಿಂಗ್ ಲೇಟ್" ಅನ್ನುವ ಸಿದ್ಧ ಆಯ್ಕೆಯೂ ಇದೆ, ತಡವಾಗಿ ಮಲಗುವವರಿಗೆ ಅದು ಸ್ವಲ್ಪ ಸಲೀಸು.

ಇನ್ನೊಂದು ಕಿರಿಕಿರಿ ಎಕ್ಸೆಲ್ ಬಳಸುವವರಿಗೇ ಮೀಸಲು. ಆಲ್ಟ್ ಹಿಡಿದು ಪೇಜ್ ಡೌನ್ ಒತ್ತಿದರೆ ಎಕ್ಸೆಲ್‌ನಲ್ಲಿ ಒಂದು ಪರದೆಯಷ್ಟು ಬಲಕ್ಕೆ ಹೋಗಬೇಕು. ಎಫ್.ಲಕ್ಸ್ ಅದೇ ಕೀಲಿಯನ್ನು ಪರದೆ ಮಂಕು ಮಾಡಲು ಹಿಡಿದಿಟ್ಟುಕೊಂಡಿದೆ. ಅಗಲವಾದ ಶೀಟಿನಲ್ಲಿ ನಾಲ್ಕು ಸಲ ಒತ್ತಿದರೆ ಹಾಳೆ ಜರುಗುವುದಿಲ್ಲ, ಪರದೆ ಕತ್ತಲಾಗುತ್ತದೆ. ಆಯ್ಕೆಗಳಿಗೆ ಹೋಗಿ ಈ ಹಾಟ್‌ಕೀ ಆಫ್ ಮಾಡಿಬಿಡಿ. ಮಂಕು ಮಾಡಲು ಕೀಬೋರ್ಡಿನ ಮಾಮೂಲಿ ಬ್ರೈಟ್‌ನೆಸ್ ಕೀಲಿಯೇ ಮೇಲು, ಅದು ಹಿಂಬದಿಯ ದೀಪವನ್ನೇ ತಗ್ಗಿಸುತ್ತದೆ. ಎಫ್.ಲಕ್ಸ್ ಮಾಡುವ ಮಂಕು ಬರೀ ಬಣ್ಣದ ಪಟ್ಟಿಯಲ್ಲಿ ಕೈಯಾಡಿಸುವುದು, ಹಾಗಾಗಿ ಬಿಳಿ ಬೂದಾಗುತ್ತದೆ, ಅಕ್ಷರದ ಕಳೆ ಹೋಗುತ್ತದೆ.

ಮತ್ತೆ ರಾತ್ರಿಯಾದರೆ "ನೀವು ಏಳಲು ಇನ್ನು ಇಷ್ಟೇ ಗಂಟೆ" ಅಂತ ಮೂಲೆಯಲ್ಲಿ ಚೀಟಿ ತೋರಿಸುತ್ತದೆ. ಮನೆಯಲ್ಲಿ ಹೇಳುವವರು ಸಾಲದು ಅಂತ ಇದೂ ಒಂದು. ಅದನ್ನೂ ಆಫ್ ಮಾಡಬಹುದು.

ಒಳ್ಳೆಯ ಸೌಲಭ್ಯಗಳೂ ಇವೆ. ಸಿನಿಮಾ ನೋಡುವಾಗ ಮೂವಿ ಮೋಡ್ ಹಾಕಿದರೆ ಎರಡೂವರೆ ಗಂಟೆ ಬಣ್ಣಗಳನ್ನು ಅಷ್ಟಾಗಿ ಕೆಡಿಸುವುದಿಲ್ಲ. ನಮ್ಮ ಸಿನಿಮಾಗಳಿಗೆ ಎರಡೂವರೆ ಗಂಟೆ ಸಾಲುವುದಿಲ್ಲ, ಕ್ಲೈಮ್ಯಾಕ್ಸ್ ಹಳದಿಯಲ್ಲಿ ನೋಡಬೇಕಾಗಬಹುದು. ಫೋಟೋಶಾಪ್‌ನಂಥ ಒಂದು ಪ್ರೋಗ್ರಾಂ ಮುಂದಿರುವಾಗ ಮಾತ್ರ ಆಫ್ ಆಗಿರು ಅಂತ ಹೇಳಿಡಬಹುದು. ಮದುವೆ ಆಲ್ಬಮ್, ಲಗ್ನಪತ್ರಿಕೆ, ಫ್ಲೆಕ್ಸ್ ಮಾಡುವವರು ದಯವಿಟ್ಟು ಇದನ್ನು ಹಾಕಿಕೊಳ್ಳಿ. ಹಳದಿ ಪರದೆಯಲ್ಲಿ ಮದುಮಗಳ ಮುಖದ ಬಣ್ಣ ಸರಿ ಮಾಡಲು ಹೋದರೆ ಪ್ರಿಂಟಿನಲ್ಲಿ ನೀಲಿ ಹೊಡೆಯುತ್ತದೆ, ಆಮೇಲೆ ಎರಡೂ ಮನೆಯವರ ಹತ್ತಿರ ಮಾತು ಕೇಳಬೇಕಾದವರು ನೀವೇ.

ವಿಂಡೋಸ್‌ನ ನೈಟ್ ಲೈಟ್‌ಗೆ ಬರೋಣ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಲ್ಲೇ ಇದೆ. ವಿಂಡೋಸ್ ಕೀಲಿ ಜೊತೆ ಎ ಒತ್ತಿದರೆ ಬರುವ ಚೌಕದಲ್ಲೂ ಸಿಗುತ್ತದೆ. ಬೇರೇನೂ ಇಳಿಸಿಕೊಳ್ಳಬೇಕಾಗಿಲ್ಲ, ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಹೊರಗಿನ ಸಾಫ್ಟ್‌ವೇರ್ ಹಾಕಲು ಬಿಡದಿದ್ದರೆ ಇದೇ ಗತಿ. ಆದರೆ ಬರೀ ಸೊನ್ನೆಯಿಂದ ನೂರರ "ಸ್ಟ್ರೆಂಗ್ತ್" ಸ್ಲೈಡರ್ ಇದೆ, ಕೆಲ್ವಿನ್ ಅಂಕಿ ಎಲ್ಲೂ ಇಲ್ಲ. ಬಲ್ಬಿನ ಡಬ್ಬಿ ಮೇಲೆ ಕೆಲ್ವಿನ್ ಬರೆದಿರುತ್ತದೆ, ಪರದೆಯಲ್ಲಿ ಶೇಕಡಾ ಲೆಕ್ಕ ಕೊಡುತ್ತಾರೆ, ಎರಡನ್ನೂ ಹೇಗೆ ಹೊಂದಿಸುವುದು? ರಾತ್ರಿಗೆ ಒಂದೇ ಅಂಕಿ ಬೇರೆ. ಸಂಜೆಗೊಂದು, ಮಲಗುವ ಹೊತ್ತಿಗೊಂದು ಅಂತ ಇಲ್ಲ. ಸೂರ್ಯ ಮುಳುಗಿದಾಗ ತಾನೇ ಹತ್ತಿಕೊಳ್ಳಬೇಕಾದರೆ ಲೊಕೇಶನ್ ಆನ್ ಇರಬೇಕು, ಇಲ್ಲದಿದ್ದರೆ ಗಂಟೆಯನ್ನು ನಾವೇ ತುಂಬಬೇಕು. ನಮ್ಮಲ್ಲಿ ಹೇಗೂ ಒಂದು ಗಂಟೆಯ ವ್ಯತ್ಯಾಸ ತಾನೇ, ನಾನಾದರೆ ಸಂಜೆ ಎಂಟರಿಂದ ಬೆಳಗ್ಗೆ ಆರು ಅಂತ ತುಂಬಿ ಸುಮ್ಮನಾಗುತ್ತೇನೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಪರದೆಯೆಲ್ಲಾ ಹಳದಿಯಾದರೂ ಮೌಸ್ ಬಾಣ ಮಾತ್ರ ಬೆಳ್ಳಗೆ ಹೊಳೆಯುತ್ತಾ ಓಡಾಡುತ್ತಿರುತ್ತದೆ, ಅದಕ್ಕೆ ಗಾಬರಿ ಬೇಡ. ಲ್ಯಾಪ್‌ಟಾಪ್ ಕಂಪನಿಯವರೇ ಹಾಕಿಕೊಟ್ಟ "ಐ ಕೇರ್" ಮೋಡ್ ಇದ್ದರೆ ಅದನ್ನು ಆಫ್ ಮಾಡಿ, ಎಫ್.ಲಕ್ಸ್ ಇದ್ದರೆ ನೈಟ್ ಲೈಟ್ ಆಫ್ ಮಾಡಿ. ಎರಡೆರಡು ಒಟ್ಟಿಗೆ ಇದ್ದರೆ ಹಳದಿ ಮೇಲೆ ಹಳದಿ.

ಮ್ಯಾಕ್‌ನ ನೈಟ್ ಶಿಫ್ಟ್‌ನಲ್ಲೂ ಅಂಕಿ ಇಲ್ಲ, ಕಡಿಮೆ-ಜಾಸ್ತಿ ಅಷ್ಟೇ. ಆದರೆ 2018ರ ಮ್ಯಾಕ್‌ಬುಕ್ ಪ್ರೋದಿಂದ ಟ್ರೂ ಟೋನ್ ಅನ್ನುವುದು ಬಂದಿದೆ, ಅದು ನನಗೆ ನಿಜಕ್ಕೂ ಇಷ್ಟವಾದದ್ದು. ಗಡಿಯಾರ ನೋಡಿ ಬಣ್ಣ ಬದಲಿಸುವ ಬದಲು ಸೆನ್ಸರ್‌ನಿಂದ ಕೋಣೆಯ ಬೆಳಕನ್ನೇ ಅಳೆದು ಪರದೆಯ ಬಿಳಿಯನ್ನು ಹೊಂದಿಸುತ್ತದೆ. ಟ್ಯೂಬ್‌ಲೈಟ್ ಕೆಳಗೆ ಕೂತರೆ ಬೆಳ್ಳಗೆ, ಹಳದಿ ಬಲ್ಬಿನ ಹತ್ತಿರ ಕೂತರೆ ಬೆಚ್ಚಗೆ. ಎ4 ಹಾಳೆ ಹಿಡಿದು ನಾನು ಮಾಡುವ ಕೆಲಸವನ್ನೇ ಅದು ತಾನಾಗಿ ಮಾಡುತ್ತದೆ. ಅದೊಂದಕ್ಕೇ ಮ್ಯಾಕ್ ಕೊಳ್ಳಿ ಅಂತ ಹೇಳುವಷ್ಟು ದುಡ್ಡು ನನ್ನ ಹತ್ತಿರವೂ ಇಲ್ಲ, ಬಹುಶಃ ನಿಮ್ಮ ಹತ್ತಿರವೂ ಇಲ್ಲ.

ಲಿನಕ್ಸ್‌ನವರಿಗೆ ಗ್ನೋಮ್‌ನ ನೈಟ್ ಲೈಟ್ ಸಾಕು. ಹಳೆಯ ರೆಡ್‌ಶಿಫ್ಟ್ ಹಗುರ, ಚೆನ್ನಾಗಿತ್ತು, ಟರ್ಮಿನಲ್‌ನಲ್ಲಿ ಒಂದು ಸಾಲು ಬರೆದು ಬೇಕಾದ ಕೆಲ್ವಿನ್ ಕೊಡಬಹುದಿತ್ತು. ಆದರೆ ಲಿನಕ್ಸ್‌ನಲ್ಲಿ ಪರದೆಗೆ ಚಿತ್ರ ಕಳಿಸುವ ಈಗಿನ ವ್ಯವಸ್ಥೆಯಾದ ವೇಲ್ಯಾಂಡ್‌ನಲ್ಲಿ ಅದು ನಡೆಯುವುದಿಲ್ಲ, ಅದರ ಕವಲಾದ ಗ್ಯಾಮಾಸ್ಟೆಪ್ ನೋಡಬಹುದು.

ಇನ್ನು ನಿದ್ದೆ. ಎಲ್ಲರೂ ಕೇಳುವುದು ಇದನ್ನೇ, "ಹಾಕಿಕೊಂಡರೆ ಬೇಗ ನಿದ್ದೆ ಬರುತ್ತಾ?" ಕಣ್ಣಿನ ಒಳಪದರದಲ್ಲಿ ನೋಟಕ್ಕಲ್ಲದೆ ಹಗಲು-ರಾತ್ರಿ ತಿಳಿಯಲೆಂದೇ ಇರುವ ಕೋಶಗಳಿವೆ, ಅವು ಸುಮಾರು 480 ನ್ಯಾನೊಮೀಟರ್‌ನ ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತವೆ, ಅದು ಸರಿ. ಅಮೆರಿಕದಲ್ಲಿ ಮಲಗುವ ಮೊದಲು ಬೆಳಗುವ ಪರದೆಯಲ್ಲಿ ಓದಿಸಿ ನೋಡಿದ ಒಂದು ಅಧ್ಯಯನ 2015ರಲ್ಲಿ ಅಚ್ಚಾಯಿತು. ಕಾಗದದ ಪುಸ್ತಕ ಓದಿದಾಗಿನದಕ್ಕಿಂತ ನಿದ್ದೆ ಬರಲು ಸುಮಾರು 10 ನಿಮಿಷ ಜಾಸ್ತಿ ಹಿಡಿಯಿತು. ಹತ್ತೇ ನಿಮಿಷ. 2021ರಲ್ಲಿ ಬ್ರಿಗಮ್ ಯಂಗ್ ಯೂನಿವರ್ಸಿಟಿಯವರು ಐಫೋನ್‌ನ ನೈಟ್ ಶಿಫ್ಟ್ ಹಾಕಿಕೊಂಡವರನ್ನೂ ಹಾಕದವರನ್ನೂ ಹೋಲಿಸಿ ನೋಡಿದರೆ ನಿದ್ದೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಹಾಗಾಗಿ ನಿದ್ದೆಯ ಔಷಧಿ ಅಂತ ಇದನ್ನು ಹಾಕಿಕೊಳ್ಳಬೇಡಿ. ಬೆಳಕು ಎಷ್ಟು ಹಳದಿ ಅನ್ನುವುದರ ಜೊತೆಗೆ ಎಷ್ಟು ಜೋರು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ, ಮತ್ತು ರಾತ್ರಿ ಹನ್ನೊಂದಕ್ಕೆ ಷೇರು ಮಾರುಕಟ್ಟೆ ವಿಡಿಯೋ ನೋಡಿದರೆ ಯಾವ ಕೆಲ್ವಿನ್ ಇದ್ದರೂ ನಿದ್ದೆ ಬರುವುದಿಲ್ಲ. ಕಣ್ಣುರಿಗೂ ಅಷ್ಟೇ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆ, ಕಣ್ಣು ಒಣಗುತ್ತದೆ, ಅದಕ್ಕೆ ಸಾಫ್ಟ್‌ವೇರ್ ಏನೂ ಮಾಡಲಾರದು. ನನಗೆ ಇದರಿಂದ ಸಿಕ್ಕಿರುವುದು ಪರದೆ ರಾಚದಿರುವ ಹಿತ. ಅಷ್ಟು ಸಾಕು.

ಹೊಸಬರಿಗೆ ಒಂದು ಮಾತು. ಈ ಸಾಫ್ಟ್‌ವೇರ್‌ಗಳ ಹಳದಿ ಸ್ಕ್ರೀನ್‌ಶಾಟ್‌ನಲ್ಲಿ ಬರುವುದಿಲ್ಲ, ಮೀಟಿಂಗಿನಲ್ಲಿ ಪರದೆ ಹಂಚಿಕೊಂಡಾಗಲೂ ಎದುರಿನವರಿಗೆ ಕಾಣುವುದಿಲ್ಲ. ಚಿತ್ರ ಗ್ರಾಫಿಕ್ಸ್ ಕಾರ್ಡಿನಿಂದ ಹೊರಗೆ ಬೀಳುವ ಕೊನೇ ಹಂತದಲ್ಲಿ ಬಣ್ಣ ಬದಲಾಗುವುದು ಅದಕ್ಕೆ ಕಾರಣ. ನಮ್ಮ ಅಕ್ಕನ ಮಗ ಒಂದು ರಾತ್ರಿ ಫೋನ್ ಮಾಡಿ "ಮಾವ, ಸ್ಕ್ರೀನ್ ಹೋಯ್ತು ಅನ್ಸುತ್ತೆ, ಪೂರ್ತಿ ಹಳದಿ" ಅಂದ. ಸ್ಕ್ರೀನ್‌ಶಾಟ್ ಕಳಿಸಿದ, ಹಾಲಿನ ಹಾಗೆ ಬೆಳ್ಳಗಿತ್ತು. ಅಷ್ಟರಲ್ಲಾಗಲೇ ರಿಪೇರಿ ಅಂಗಡಿಯವರೊಬ್ಬರು ಪ್ಯಾನಲ್ ಬದಲಿಸಬೇಕು ಅಂದಿದ್ದರಂತೆ. "ಲೋ, ಆಫ್ ಮಾಡಿ ಆನ್ ಮಾಡು, ಕಂಪನಿ ಲೋಗೋ ಬರುವಾಗ ಬಣ್ಣ ಹೇಗಿದೆ ನೋಡು" ಅಂದೆ. ಲೋಗೋ ನೆಟ್ಟಗಿತ್ತು, ವಿಂಡೋಸ್ ಬಂದ ಮೇಲೆ ಹಳದಿಯಾಯಿತು. ಅಂದರೆ ಪ್ಯಾನಲ್‌ಗೆ ಏನೂ ಆಗಿಲ್ಲ, ಯಾರೋ ನೈಟ್ ಲೈಟ್ ಒತ್ತಿಟ್ಟಿದ್ದರು. ಪ್ಯಾನಲ್‌ಗೆ ದುಡ್ಡು ಕೊಡುವ ಮುಂಚೆ ಈ ಪರೀಕ್ಷೆ ಮಾಡಿ.

ದೊಡ್ಡ ಮಾನಿಟರ್ ಜೋಡಿಸಿಕೊಂಡವರಿಗೆ ಒಂದು ಸಮಸ್ಯೆ ಉಳಿಯುತ್ತದೆ. ಎಫ್.ಲಕ್ಸ್ ಎರಡೂ ಪರದೆಗಳನ್ನು ಒಟ್ಟಿಗೆ ಇಳಿಸುತ್ತದೆ, ಆದರೆ ಮೊದಲಿಂದಲೇ ಎರಡರ ಬಿಳಿ ಬೇರೆ ಬೇರೆ ಇದ್ದರೆ ಆ ವ್ಯತ್ಯಾಸ ಹಾಗೇ ಇರುತ್ತದೆ. ಅದನ್ನು ಮಾನಿಟರಿನ ಕೆಳಗಿರುವ ಗುಂಡಿಗಳಲ್ಲೇ ಸರಿ ಮಾಡಬೇಕು. ಎಫ್.ಲಕ್ಸ್ ಆಫ್ ಮಾಡಿ, ಎರಡರಲ್ಲೂ ಖಾಲಿ ಪುಟ ತೆರೆದು, ಕಲರ್ ಮೆನುವಿನಲ್ಲಿ "ಯೂಸರ್" ಆರಿಸಿ, ನೀಲಿಯನ್ನು ಎರಡೆರಡೇ ಅಂಕಿ ಇಳಿಸುತ್ತಾ ಬನ್ನಿ. ಹಗಲು ಹೊತ್ತು ಮಾಡಿ. ಒಂದು ಸಲ ಹೊಂದಿದ ಮೇಲೆ ಎಫ್.ಲಕ್ಸ್ ಹಾಕಿ. ಮನೆ ಬಳಕೆಗೆ ಅದು ಉಚಿತ, ಕಂಪನಿಗಳಿಗೆ ಬೇರೆ ಲೈಸೆನ್ಸ್ ಇದೆ, ಆಫೀಸಿನ ಎಲ್ಲ ಮೆಷಿನ್‌ಗೂ ಹಾಕುವುದಾದರೆ ಐಟಿಯವರನ್ನು ಕೇಳಿಯೇ ಹಾಕಿ.